ತಡೆಹಿಡಿದ ಜಾಕೆಟ್‌ಗಳು

ಚನ್ನಗಿರಿ ಬಸ್ ನಿಲ್ದಾಣದಿಂದ ಆ ಮನುಷ್ಯ ತನ್ನ ಹಿಂದೆಯೇ ಬರುತ್ತಿದ್ದಾನೆ ಎಂಬುದು ವಿಜಯಶ್ರೀಗೆ ಖಚಿತವಾದದ್ದು ತಾಯಿಯ ಮನೆಯ ಗೇಟಿನ ಬಳಿ. ಗೇಟು ದಾಟಿ ಚಿಲಕ ಹಾಕಿ ತಿರುಗಿದಳು. ಐವತ್ತು ದಾಟಿದ ಗಂಡಸು. ಇಸ್ತ್ರಿ ಮಾಡಿದ ಅಂಗಿ.

"ಜಾಕೆಟ್ ವಿಷಯ ರೀ, ಮೇಡಂ," ಎಂದ.

ಇಲ್ಲಿಗೂ ಬಂದರು ಎಂದುಕೊಂಡಳು.

ಸೈನ್ಯಕ್ಕೆ ಕೊಳ್ಳುವ ಸಾಮಾನು ಪರೀಕ್ಷಿಸುವ ಸರ್ಕಾರಿ ಕಚೇರಿಯಲ್ಲಿ ಅವಳು ಅಧಿಕಾರಿ. ಗುಂಡು ತಡೆಯುವ ಜಾಕೆಟ್‌ಗಳು ಬಂದಿದ್ದವು. ಕೆಲವನ್ನು ಆರಿಸಿ ಗುಂಡು ಹಾರಿಸಿದಾಗ ಎರಡನ್ನು ಗುಂಡು ತೂರಿಕೊಂಡು ಹೋಯಿತು. ಅವಳು ಬಂದದ್ದನ್ನೆಲ್ಲ ತಿರಸ್ಕರಿಸಿದಳು. ಆಮೇಲೆ ಕಂಪನಿಯವರು ಬೆನ್ನು ಬಿಡಲಿಲ್ಲ. ಮೊದಲು ಹಣ್ಣಿನ ಬುಟ್ಟಿ, ನಂತರ ದೊಡ್ಡವರ ಫೋನು, ಕೊನೆಗೆ ವರ್ಗಾವಣೆಯ ಬೆದರಿಕೆ. ರಜೆ ಹಾಕಿ ಊರಿಗೆ ಬಂದದ್ದೇ ಅದಕ್ಕೆ.

"ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಕಳಿಸಿಲ್ಲ ರೀ. ಚನ್ನಗಿರಿ ಮೇಡಂ ತಡೆದಾರೆ ಅಂತ ನಮ್ಮ ಹುಡುಗ ಫೋನಲ್ಲಿ ಅಂದ."

"ಯಾವ ಹುಡುಗ?"

"ಹೆಸರು ಹೇಳಿದ್ರೆ ಅವನ ಕೆಲಸಕ್ಕೆ ತೊಂದ್ರೆ ಆಗ್ತೈತೆ. ತಡ ಆದಷ್ಟೂ ನಮಗೇ ಕಷ್ಟ ಮೇಡಂ. ಹೆಂಗಾರ ಮಾಡಿ ಕಳಿಸಿಕೊಡ್ರಿ."

ಅವಳು ಬಾಗಿಲು ಹಾಕಿಕೊಂಡಳು.

ಮರುದಿನವೂ ಅವನು ಎದುರಿನ ಕಟ್ಟೆಯ ಮೇಲೆ ಕೂತಿದ್ದ.

"ಬಿಸಿಲಾಗೆ ಕೂತಾನೆ ಕಣೆ. ಒಳಗೆ ಕರೀಲೇನು?" ಎಂದಳು ತಾಯಿ ಶಂಕ್ರಮ್ಮ.

"ಬೇಡಮ್ಮ. ಅವರಿಗೆ ಇದೇ ಕಸುಬು."

ತಾನೇ ಹೊರಗೆ ಹೋದಳು. ಅವನು ಎದ್ದು ನಿಂತ.

"ಆ ಜಾಕೆಟ್ ನಿಮ್ಮ ಮಗನಿಗೆ ತೊಡಿಸಿ ಗುಂಡಿನ ಎದುರು ನಿಲ್ಲಿಸ್ತೀರಾ?"

ಅವನು ಮುಖದ ಬೆವರು ಒರೆಸಿಕೊಂಡ.

"ಏನೂ ಇಲ್ಲದ್ದಕ್ಕಿಂತ ವಾಸಿ ರೀ."

ಇಷ್ಟು ನಾಚಿಕೆಗೆಟ್ಟ ಮಾತನ್ನು ಕಂಪನಿಯ ಯಾರೂ ಆಡಿರಲಿಲ್ಲ. ಪೊಲೀಸರನ್ನು ಕರೆಯಲು ಅವಳು ಫೋನು ತೆಗೆದಳು. ಅವನು ಕೈಮುಗಿದು ಹೊರಟುಹೋದ.

ಸಂಜೆ ಮೇಲಧಿಕಾರಿಯ ಕರೆ ಬಂತು. ಕಂಪನಿಯ ಗುತ್ತಿಗೆ ರದ್ದಾಗಿತ್ತು. ಹೊಸ ಟೆಂಡರ್ ಮುಗಿಯುವ ಹೊತ್ತಿಗೆ ವರ್ಷ ಕಳೆಯುತ್ತದೆ.

"ಅಲ್ಲಿಯವರೆಗೆ ಸೈನಿಕರಿಗೆ?"

"ಹಳೆಯವು ಇವೆ. ಎಲ್ಲರಿಗೂ ಸಾಲುವುದಿಲ್ಲ. ಅದು ನಮ್ಮ ಕೈಯಲ್ಲಿಲ್ಲ ವಿಜಯಶ್ರೀ."

ಫೋನು ಇಟ್ಟ ಮೇಲೂ ಅವಳು ಅಲ್ಲೇ ನಿಂತಿದ್ದಳು. ತೂತು ಬೀಳುವ ಜಾಕೆಟ್‌ಗೆ ಸಹಿ ಹಾಕುವುದು ಸಾಧ್ಯವಿರಲಿಲ್ಲ. ಒಳ್ಳೆಯದನ್ನು ತರಿಸುವುದೂ ಅವಳಿಂದಾಗುವ ಕೆಲಸವಾಗಿರಲಿಲ್ಲ.

ರಜೆ ಮುಗಿಯುವ ಮೊದಲೇ ತಾಲ್ಲೂಕು ಕಚೇರಿಯಿಂದ ಸುದ್ದಿ ಬಂತು. ಗೋವಿನಕೋವಿ ಹಳ್ಳಿಯ ಯೋಧನೊಬ್ಬ ಗಡಿಯಲ್ಲಿ ತೀರಿಕೊಂಡಿದ್ದ. "ರಕ್ಷಣಾ ಇಲಾಖೆಯವರು ನೀವು ಊರಲ್ಲೇ ಇದ್ದೀರಿ, ಬನ್ನಿ," ಎಂದರು ಕಚೇರಿಯವರು. ಅವಳು ಹೂವಿನ ಹಾರ ಹಿಡಿದು ಹೋದಳು. ಶಾಲೆಯ ಮಕ್ಕಳು ರಸ್ತೆಯ ಇಕ್ಕೆಲದಲ್ಲಿ ನಿಂತಿದ್ದರು. ಪೆಟ್ಟಿಗೆಯ ಮೇಲೆ ಧ್ವಜ ಹೊದಿಸಿದ್ದರು.

ಗುಂಡು ಎದೆಗೆ ಬಿದ್ದದ್ದು ಎಂದ ಪೆಟ್ಟಿಗೆಯ ಜೊತೆಗೆ ಬಂದಿದ್ದ ಸೇನೆಯ ಸುಬೇದಾರ.

"ಜಾಕೆಟ್?" ಅವಳ ದನಿ ಕೆಳಗಿಳಿದಿತ್ತು.

"ಸರದಿ ಮೇಲೆ ತೊಡ್ತೀವಿ ಮೇಡಂ. ಅವತ್ತು ಕಲ್ಲೇಶನ ಸರದಿ ಇರಲಿಲ್ಲ."

ಅವಳು ಹಾರವಿಟ್ಟು ಕೈಮುಗಿದಳು. ಸುಬೇದಾರ ಅವಳನ್ನು ಪೆಟ್ಟಿಗೆಯ ತಲೆಯ ಕಡೆ ಕೂತಿದ್ದವರ ಬಳಿ ಕರೆದೊಯ್ದ.

"ಇವರು ಕಲ್ಲೇಶನ ತಂದೆ, ಮಹೇಶ್ವರಪ್ಪನೋರು. ಈ ಮೇಡಂ..."

"ಗೊತ್ತು ರೀ," ಎಂದರು ಅವರು ಕೈಮುಗಿಯುತ್ತ. "ಚನ್ನಗಿರಿಯಾಗೆ ಎರಡು ದಿನ ಇವರ ಮನೆ ಮುಂದೇ ಇದ್ದೆ."