ಗೆರಿಟನ ಹಲ್ಲುನೋವು

ತಪಾಸಣೆಯ ಅಧಿಕಾರಿ ಟಿಲ್ಯಾರ್ಡ್ ಫ್ಲೀಟ್ ಬೀದಿಯ ಮೂಲೆ ತಿರುಗಿದ್ದೇ ತಡ, ಮುದ್ರಕ ಗೆರಿಟ್ ದವಡೆಗೆ ಬಟ್ಟೆ ಸುತ್ತಿಕೊಂಡ.

"ಒಬ್ಬನೇ ಅಲ್ಲ, ಕಾಗದದ ವ್ಯಾಪಾರಿ ಯೂಸ್ಟ್‌ನನ್ನೂ ಕರ್ಕೊಂಡ್ ಬರ್ತಿದಾನೆ," ಎಂದಳು ಕಿಟಕಿಯಲ್ಲಿ ನಿಂತಿದ್ದ ಹೆಂಡತಿ ಲೀಸ್ಬೆತ್. "ಕಡಲಾಚೆಯವನು, ಡೆವೆಂಟರ್ ಊರಿನವನೇ. ಆಳುಗಳನ್ನ ಅವರ ಭಾಷೇಲೇ ವಿಚಾರಿಸೋಕೆ ಇರ್ಬೇಕು."

ಗೆರಿಟ್ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿದ. ಕಡಲಾಚೆಯಿಂದ ಬಂದ ಮುದ್ರಕ ಇಬ್ಬರು ಪರದೇಶಿ ಆಳುಗಳನ್ನಷ್ಟೇ ಇಟ್ಟುಕೊಳ್ಳಬಹುದೆಂಬುದು ಲಂಡನ್ನಿನ ಕಾನೂನು. ಅಚ್ಚಿನ ಯಂತ್ರದ ಮುಂದೆ ಮೂವರು ನಿಂತಿದ್ದರು.

ಹತ್ತು ವರ್ಷದ ಅಂಗಡಿ. 'ಡೆವೆಂಟರಿನ ಗೆರಿಟನ ಕೈಯಲ್ಲಿ ಅಚ್ಚಾದದ್ದು' ಎಂದು ಕೊನೆಯ ಹಾಳೆಯಲ್ಲಿದ್ದರೆ ಸಾಕು, ಜನ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇಲ್ಲಿಯವರ ಅಚ್ಚೆಂದರೆ ಮೂಗು ಮುರಿಯುತ್ತಿದ್ದರು. ಗೆರಿಟ್ ಮಾತನಾಡುವುದೇ ಅಪರೂಪ. ಪಾಪ, ಪರಭಾಷೆ ಎಂದು ಗಿರಾಕಿಗಳು ಮರುಗುತ್ತಿದ್ದರು. ಈಗ ಮಠದವರು ಮುನ್ನೂರು ಪ್ರಾರ್ಥನಾ ಪುಸ್ತಕ ಅಚ್ಚುಹಾಕಲು ಹೇಳಿದ್ದರು. ಇವತ್ತು ಒಂದು ಮಾತು ಹೆಚ್ಚುಕಡಿಮೆಯಾದರೆ ಎಲ್ಲವೂ ಮುಳುಗಿದಂತೆ.

ಅಚ್ಚುಮೊಳೆ ಜೋಡಿಸಿಟ್ಟ ಪ್ರಾರ್ಥನೆಯ ಪುಟದ ಮೇಲೆ ಕೈಯಿಟ್ಟು ಅವನು ಮನಸ್ಸಿನಲ್ಲೇ ಬೇಡಿಕೊಂಡ: ದೇವರೇ, ಇದೊಂದು ಗಳಿಗೆ ನನ್ನ ನಾಲಿಗೆಯನ್ನು ನೀನೇ ಹಿಡಿದುಕೋ.

"ಏನಯ್ಯಾ ಗೆರಿಟ್, ಮತ್ತೆ ಹಲ್ಲುನೋವಾ?" ಟಿಲ್ಯಾರ್ಡ್ ಒಳಗೆ ಬಂದ. "ನಿಮ್ಮೂರಿನ ಹಡಗು ಬಂದಾಗೆಲ್ಲ ನಿನ್ನ ಹಲ್ಲು ಕೈ ಕೊಡುತ್ತಲ್ಲ!"

"ಕಡಲಗಾಳಿ ಇವರಿಗೆ ಒಗ್ಗಲ್ಲ ಸ್ವಾಮಿ," ಎಂದಳು ಲೀಸ್ಬೆತ್.

"ಪರದೇಶಿಗಳು ಒಬ್ಬ ಹೆಚ್ಚು ಅಂತ ದೂರು ಬಂದಿದೆ."

"ಎಣಿಸ್ಕೊಳ್ಳಿ. ಹೆಚ್ಚು ಸಿಕ್ಕಿದರೆ ಕಟ್ಕೊಂಡು ಹೋಗಿ."

ಯೂಸ್ಟ್ ಆಳುಗಳನ್ನು ಅವರ ಭಾಷೆಯಲ್ಲಿ ಮಾತನಾಡಿಸಿದ. ಇಬ್ಬರು ಪಟಪಟನೆ ಉತ್ತರ ಕೊಟ್ಟರು. ಮೂರನೆಯವನು, ಮೂಗಿನವರೆಗೂ ಮಸಿ ಬಳಿದುಕೊಂಡವನು, ಕಣ್ಣು ಪಿಳಿಪಿಳಿ ಬಿಟ್ಟ.

"ಇವನು ನನ್ನ ಬೈತಿದಾನಾ ಸ್ವಾಮಿ? ನಾನು ಕೆಂಟ್ ಸೀಮೆಯವನು. ನಮ್ಮಪ್ಪ ಅಲ್ಲಿ ಕುರಿ ಕಾಯ್ತಾನೆ."

ಟಿಲ್ಯಾರ್ಡನ ಮುಖ ಸಪ್ಪಗಾಯಿತು. ಲೀಸ್ಬೆತ್ ಮಾತ್ರ ಇನ್ನೂ ಉಸಿರು ಬಿಟ್ಟಿರಲಿಲ್ಲ.

ಯೂಸ್ಟ್ ಈಗ ಗೆರಿಟನತ್ತ ತಿರುಗಿ, ಎರಡೂ ಕೈ ಹಿಡಿದು, ಅಕ್ಕರೆಯಿಂದ ಏನೋ ಕೇಳಿದ. ಗೆರಿಟ್ ದವಡೆ ಒತ್ತಿಕೊಂಡು ನರಳಿದ. ನಡುವೆ ಬಂದ ಲೀಸ್ಬೆತ್ ಅದೇ ಭಾಷೆಯಲ್ಲಿ ಬಾಯಿ ತುಂಬ ಉತ್ತರ ಹೇಳಿದಳು. ಕೇಳುತ್ತ ಕೇಳುತ್ತ ಯೂಸ್ಟ್‌ನ ಕಣ್ಣುಗಳು ತುಂಬಿದವು.

"ಇವರ ಮನೆ ನಮ್ಮ ಇಗರ್ಜಿ ಹಿಂದೇನೇ ಇತ್ತಂತೆ ಸ್ವಾಮಿ!" ಎಂದ ಟಿಲ್ಯಾರ್ಡನಿಗೆ. "ಎಂಥ ಮನೆತನ!"

ಇಬ್ಬರೂ ಬೀದಿಗಿಳಿದು ಮರೆಯಾದರು. ಹಿತ್ತಲ ಬಾಗಿಲು ಕಿರ್ರೆಂದಿತು. ನದಿಯಾಚೆ ಹಾವುಮೀನಿನ ಕಡುಬು ಮಾರುವ ಮುದುಕಿ ಮ್ಯಾರಿಯನ್ ಬುಟ್ಟಿಯೊಂದಿಗೆ ಒಳಬಂದಳು. ಗೆರಿಟನ ದವಡೆಯ ಬಟ್ಟೆ ಬಿಚ್ಚಿ ಬಿಸಾಡಿ, ಬಾಯಿಗೊಂದು ಕಡುಬು ತುರುಕಿದಳು.

"ತಿನ್ನೋ ರೇಫ್. ನಿಮ್ಮ ಮಾವ ಗೆರಿಟ್ ಸಾಯೋವಾಗ ಕಸುಬು ಕೊಟ್ಟ, ಮಗಳನ್ನ ಕೊಟ್ಟ, ಹೆಸರೂ ಕೊಟ್ಟ. ಅವನ ಭಾಷೆ ನಾಲ್ಕು ಮಾತು ಕಲಿಸಿ ಹೋಗಿದ್ರೆ ಆಗ್ತಿರಲಿಲ್ವಾ? ನಿನ್ನ ಹೆತ್ತವಳು ನಾನು, ಇದೇ ಲಂಡನ್ ಸೇತುವೆ ಬುಡದಲ್ಲಿ. ನೀನು ಕಡಲು ಹೇಗಿರುತ್ತೆ ಅಂತಾನಾದ್ರೂ ಯಾವತ್ತು ನೋಡಿದ್ಯೋ ಮಗನೇ?"