ಕಿತ್ತಳೆ ಬಣ್ಣದ ಕಂಬ

ಗೇಟಿನ ಕಂಬಕ್ಕೆ ಕಿತ್ತಳೆ ಬಣ್ಣ ಬಳಿಯುತ್ತಿರುವವನು ತನ್ನ ಸ್ವಂತ ತಂಗಿಯ ಮಗ ಕೋಲ್ಬಿ ಎಂದು ಗೊತ್ತಾದಾಗ ಆರ್ಡಿಸ್ ಟ್ರಕ್ಕಿನ ಬ್ರೇಕನ್ನು ಬೇಕಾದ್ದಕ್ಕಿಂತ ಜೋರಾಗಿಯೇ ತುಳಿದಳು. ಪಕ್ಕದ ಸೀಟಿನಲ್ಲಿದ್ದ ಸೇಬಿನ ಪೈ ಜಾರಿ ಹೋಗಿ ರೈಫಲ್ಲಿನ ಚೀಲಕ್ಕೆ ಬಡಿಯಿತು. ಮೊಂಟಾನಾದಲ್ಲಿ ಆ ಬಣ್ಣಕ್ಕೆ ಬೋರ್ಡು ಬೇಡ, ಬರಹ ಬೇಡ. ಕಂಬಕ್ಕೆ ಕಿತ್ತಳೆ ಬಿತ್ತೆಂದರೆ ಅಪ್ಪಣೆಯಿಲ್ಲದೆ ಒಳಗೆ ಕಾಲಿಡಬೇಡ ಎಂದೇ ಅರ್ಥ, ಅದು ಕಾನೂನು.

ಆರ್ಡಿಸ್ ಊರಿನ ಶಾಲೆಯಲ್ಲಿ ಅಡುಗೆ ಮಾಡುವವಳು, ವಯಸ್ಸು ಅರವತ್ತೊಂದು. ಪ್ರತಿ ವರ್ಷ ಹಿಮ ಕರಗಿ ಗೋಫರುಗಳು ಬಿಲದಿಂದ ತಲೆ ಎತ್ತಿದ ಮೊದಲ ಶನಿವಾರ ಅವಳು ಈ ಜಮೀನಿನ ಒಡೆಯ ಹಾಲ್ವರ್ಸನ್ನನ ಮನೆಬಾಗಿಲಿಗೆ ಒಂದು ಪೈ ಒಯ್ದು, ಅವುಗಳಿಗೆ ಗುಂಡು ಹಾರಿಸಲು ಅಪ್ಪಣೆ ಕೇಳುತ್ತಿದ್ದಳು. ಮೂವತ್ತು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಆದರೂ ಕೇಳಲೇಬೇಕು, ಅದು ಮರ್ಯಾದೆ. ಗೋಫರ್ ಅಳಿಲಿನ ಜಾತಿಯದೇ, ಮರ ಹತ್ತುವ ಬದಲು ನೆಲ ತೋಡುತ್ತದೆ, ಅಷ್ಟೇ. ಅದರ ಬಿಲದಲ್ಲಿ ಕಾಲು ಸಿಕ್ಕಿ ಮುರಿದುಕೊಂಡ ಕುದುರೆಗೆ ಮತ್ತೆ ಬದುಕಿಲ್ಲ. ಹಾಗಾಗಿ ಆರ್ಡಿಸ್ ಬಂದರೆ ಹಾಲ್ವರ್ಸನ್ ಕಾಫಿ ಕೊಟ್ಟು ಒಳಗೆ ಬಿಡುತ್ತಿದ್ದ.

ಬೇಟೆಯ ಉಳಿದ ಜಾಗಗಳೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗಿದ್ದವು. ಪಡುವಣ ಗುಡ್ಡದ ಮೇಲೆ ಮನೆಗಳೆದ್ದವು, ಹೊಳೆಯ ಬದಿಯನ್ನು ಯಾವುದೋ ಕ್ಲಬ್ಬು ಗುತ್ತಿಗೆ ಹಿಡಿಯಿತು. ಈ ಚಳಿಗಾಲದಲ್ಲಿ ಹಾಲ್ವರ್ಸನ್ನನೂ ಜಮೀನನ್ನು ಹೊರರಾಜ್ಯದವನೊಬ್ಬನಿಗೆ ಮಾರಿ ಹೋದ. ಆರ್ಡಿಸ್ ಹೆದರಿರಲಿಲ್ಲ. ಧಣಿ ಯಾರಾದರೇನು, ಮ್ಯಾನೇಜರು ತನ್ನ ಕೋಲ್ಬಿಯೇ ತಾನೇ ಎಂದುಕೊಂಡು ಎಂದಿನಂತೆ ಪೈ ಬೇಯಿಸಿ ತಂದಿದ್ದಳು.

ಧಣಿ ಜೂನ್‌ವರೆಗೂ ಈ ಕಡೆ ಬರುವುದಿಲ್ಲ, ಎಲ್ಲವನ್ನೂ ನೋಡಿಕೊಳ್ಳುವವನು ತಾನೇ ಎಂದು ಕೋಲ್ಬಿ ಬ್ರಷ್ಷಿನ ಮೇಲಿಂದ ಕಣ್ಣೆತ್ತದೆ ಹೇಳಿದ.

"ಹಾಗಾದ್ರೆ ನಿನ್ನನ್ನೇ ಕೇಳ್ತೀನಿ," ಎಂದಳು ಆರ್ಡಿಸ್. "ಇವತ್ತು ಇಲ್ಲಿ ಗೋಫರ್ ಹೊಡೀಬಹುದಾ?"

"ಸುಮ್ನೆ ಯಾಕೆ ದೊಡ್ಡಮ್ಮ ಮುಜುಗರ ಮಾಡ್ತೀಯ. ಬಣ್ಣ ಕಾಣ್ತಿದೆಯಲ್ಲ."

"ಬಣ್ಣಕ್ಕೆ ನಾಲಿಗೆ ಇಲ್ಲ ಕಣೋ, ನಿನಗಿದೆ. ಹಾಲ್ವರ್ಸನ್ ಬಾಯಿ ಬಿಟ್ಟು ಹೂಂ ಅಂತಿದ್ದ. ನೀನು ಬಾಯಿ ಬಿಟ್ಟು ಇಲ್ಲ ಅನ್ನು."

"ಇಲ್ಲ," ಎಂದ ಕೋಲ್ಬಿ.

ಇವನಿಗೆ ಒಂಬತ್ತು ವರ್ಷವಾಗಿದ್ದಾಗ ಇದೇ ಬೇಲಿಯಾಚೆಯ ದಿಬ್ಬದ ಮೇಲೆ ಬೋರಲು ಮಲಗಿಸಿ, ಉಸಿರು ಬಿಟ್ಟ ಮೇಲೆ ಟ್ರಿಗರ್ ಒತ್ತು, ಗುರಿಯ ಹಿಂದೆ ಏನಿದೆ ಎಂದು ಮೊದಲು ನೋಡು ಎಂದು ಕಲಿಸಿದವಳು ಆರ್ಡಿಸ್. ಕೊಡಲಿ ಕಾವು ಕುಲಕ್ಕೆ ಸಾವು ಎನ್ನುವುದು ಸುಳ್ಳಲ್ಲ.

ಕೋಲ್ಬಿ ಅವಸರದಲ್ಲಿ ಸಮಜಾಯಿಷಿ ಶುರು ಮಾಡಿದ. ಧಣಿ ಮರದ ಕುಟೀರಗಳನ್ನು ಕಟ್ಟಿಸುತ್ತಿದ್ದಾನೆ, ಪಟ್ಟಣದ ಅತಿಥಿಗಳು ದುಡ್ಡು ಕೊಟ್ಟು ಗೋಫರ್ ಹೊಡೆಯಲು ಬರುತ್ತಾರೆ, ಅವರಿಗೆ ನೆರಳಿನಲ್ಲಿ ಬೆಂಚು ಹಾಕಿಕೊಡಬೇಕು. ಅಲ್ಲಿಯವರೆಗೆ ಗೋಫರುಗಳು ಚೆನ್ನಾಗಿ ಹೆಚ್ಚಿಕೊಳ್ಳಲಿ, ಯಾರೂ ಮುಟ್ಟಕೂಡದು ಎಂದು ಅಪ್ಪಣೆಯಾಗಿದೆ. ಕುದುರೆಗಳನ್ನಂತೂ ಜನವರಿಯಲ್ಲೇ ಮಾರಿಯಾಯಿತು.

"ಅಂದ್ರೆ ಗೋಫರ್ ಸಾಕ್ತಿದ್ದೀರಿ," ಎಂದಳು ಆರ್ಡಿಸ್. "ಕುದುರೆ ಮಾರಿ ಗೋಫರ್ ಸಾಕ್ತಿದ್ದೀರಿ."

ಕೋಲ್ಬಿ ಅದನ್ನು ಕೇಳಿಸಿಕೊಳ್ಳದವನಂತೆ ಒಂದು ಹೆಜ್ಜೆ ಹತ್ತಿರ ಬಂದು, ಒಳ್ಳೆಯ ಸುದ್ದಿ ಹೇಳುವವನ ದನಿಯಲ್ಲಿ, "ಬರೋರಲ್ಲಿ ಅರ್ಧ ಜನಕ್ಕೆ ಬಂದೂಕು ಹಿಡಿಯೋಕೂ ಬರಲ್ಲ ದೊಡ್ಡಮ್ಮ. ಈ ಜಿಲ್ಲೆಯಲ್ಲಿ ನಿನ್ನಂಥ ಗುರಿಗಾರ್ತಿ ಯಾರಿದಾರೆ? ಪಕ್ಕದಲ್ಲಿ ಕೂತು ತೋರಿಸಿಕೊಟ್ರೆ ಸಾಕು, ಸಂಬಳ ಕೊಡಿಸ್ತೀನಿ," ಎಂದ. ಆಮೇಲೆ ತಡೆದು, "ನಿನ್ನ ರೈಫಲ್ ಮಾತ್ರ ತರೋ ಹಾಗಿಲ್ಲ," ಎಂದು ಸೇರಿಸಿದ.

ಆ ಡಬ್ಬಿಯ ಬಣ್ಣವನ್ನೆಲ್ಲ ಅವನ ತಲೆಯ ಮೇಲೆ ಸುರಿದುಬಿಡಬೇಕೆನ್ನಿಸಿತು ಅವಳಿಗೆ. ತನ್ನ ಕೈಯಿಂದ ಬಂದೂಕು ಕಸಿದು, ಹಾರಿಸಲು ಬಾರದವರಿಗೆ ಹಾರಿಸುವುದನ್ನು ಹೇಳಿಕೊಡು ಎನ್ನುತ್ತಿದ್ದಾನೆ, ಅದೂ ಉಪಕಾರ ಮಾಡುವವನಂತೆ. ಬೇಲಿಯಾಚೆ ಬಿಲಗಳ ಬಾಯಲ್ಲಿ ನೆಟ್ಟಗೆ ನಿಂತ ಗೋಫರುಗಳು ಸಿಳ್ಳೆ ಹಾಕತೊಡಗಿದ್ದವು. ಅವುಗಳ ಮೇಲೂ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

"ನೀನು?" ಎಂದು ಕೇಳಿದಳು. "ಇಲ್ಲೇ ಇರ್ತೀಯಲ್ಲ, ನೀನು ಹೊಡೀಬಹುದಾ?"

ಕೋಲ್ಬಿ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. ಆಗಲೇ ಒರೆಸಿದ್ದನ್ನು ಮತ್ತೊಮ್ಮೆ ಒರೆಸಿದ.

"ಕೆಲಸದವರಿಗೆ ಇಲ್ಲ ದೊಡ್ಡಮ್ಮ. ಕರಾರಿನಲ್ಲೇ ಬರೆದಿದೆ."

ಆರ್ಡಿಸ್ ಟ್ರಕ್ಕನ್ನು ಹಿಂದಕ್ಕೆ ತೆಗೆದು ತಿರುಗಿಸಿಕೊಂಡಳು. ಹೊರಡುವ ಮುಂಚೆ ಕಿಟಕಿಯಿಂದ ತಲೆ ಹೊರಹಾಕಿ, "ಕೋಲ್ಬಿ, ಬೇಲಿಯ ಯಾವ ಕಡೆ ನಿಂತು ಬಣ್ಣ ಬಳೀತಿದ್ದೀಯ, ಒಂದ್ಸಲ ನೋಡ್ಕೋ," ಎಂದಳು.

ಕೋಲ್ಬಿ ತಲೆ ಬಗ್ಗಿಸಿ ನೋಡಿದ. ಅವನ ಎರಡೂ ಬೂಟುಗಳು ರಸ್ತೆಯ ಮಣ್ಣಿನ ಮೇಲಿದ್ದವು.