ಹಲಗಿಯ ಬೀಗತನ

ಮಾಗಿಯ ಚಳಿ, ಮುಂಜಾನೆ. ಇಟಗಿಯ ಓಬಳೆಪ್ಪಜ್ಜ ತೊಗಲು ಬಿಗಿಯಾಗಲೆಂದು ಜೋಳದ ಕಣಿಕೆಯ ಬೆಂಕಿಗೆ ಹಲಗಿ ಕಾಸುತ್ತಿದ್ದ. ಮೊಮ್ಮಗಳು ಮೇಘಾ ತನ್ನ ಅಮೆಜಾನ್ ಕಾಡಿನ ಡೋಲನ್ನೂ ಅದೇ ಬೆಂಕಿಗೆ ಹಿಡಿದಳು. ಕಾಡಿನವರ ಬಡಿತಕ್ಕೆ ಜಾಜ್, ಹಿಂದೂಸ್ತಾನಿ ಕೂಡಿಸಿ ನುಡಿಸುವವಳು ಅವಳು. ಸಂಜೆಯ ಕಾರ್ಯಕ್ರಮದಲ್ಲಿ ತನ್ನ ಜೊತೆ ಹಲಗಿ ಬಾರಿಸಲು ಅಜ್ಜನನ್ನು ಕರೆದಿದ್ದಳು. “ಆ ಡೋಲಿಗೂ ನನ್ನ ಹಲಗಿಗೂ ಎಲ್ಲೀ ಬೀಗತನ?” ಎಂದು ಅವನು ಒಲ್ಲೆ ಅಂದಿದ್ದ.

“ಏ ಹುಚ್ಚಿ, ಅಷ್ಟು ಹತ್ರ ಹಿಡೀಬ್ಯಾಡ, ತೊಗಲು ಹರದೀತು!” ಅಜ್ಜ ಡೋಲು ಕಸಿದುಕೊಂಡ. ಮೆಲ್ಲಗೆ ತಿರುಗಿಸುತ್ತ ಕಾಸಿದ, ಬೆರಳಿಂದ ಬಡಿದು ಕಿವಿಗೊಟ್ಟ. “ಕಾಡಿನವರೂ ಹಿಂಗ ಕಾಸ್ತಾರೇನು?”

“ಹೂಂ ಅಜ್ಜ, ಅಲ್ಲಿ ಭಾಳ ಮಳಿ. ನಿನ್ನಂಗ ಬೈಕೋಂತನ ಕಾಸ್ತಾರ.”

ಅಜ್ಜ ನಕ್ಕ. ಡೋಲನ್ನು ಅವಳ ಮಡಿಲಿಗಿಟ್ಟು, ಹಲಗಿಯನ್ನು ಹೆಗಲಿಗೇರಿಸಿದ. “ಬಡಿ ಮತ್ತ, ಬೀಗತನ ಮಾಡೂಣು.”

ಊರಿನ ಕಾರ್ಯಕ್ರಮ ಮುಗಿದು, ಸೋಮವಾರ ಮೇಘಾ ಮುಂದಿನ ಊರಿನ ಕಾರ್ಯಕ್ರಮಕ್ಕೆ ಹೊರಟಳು. ಬಸ್ಸಿನಲ್ಲಿ ಅವಳ ಪಕ್ಕ, ಹಲಗಿ ತಬ್ಬಿಕೊಂಡು ಅಜ್ಜ ಕೂತಿದ್ದ.